ಗ್ರಂಥಾಲಯದ ಸಿಬ್ಬಂದಿ ಜೊತೆ ಕಷ್ಟವಾದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಜವಾಬ್ದಾರಿ ಹೊತ್ತವರು ಫೋನಿನಲ್ಲಿ, ಪತ್ರದಲ್ಲಿ, ತರಬೇತಿಯ ನಡುವೆ ಚಹಾಕ್ಕೆ ನಿಂತಾಗ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ, ಗುರುತು ಸಿಗುವ ವಿವರ ಮಾತ್ರ ತೆಗೆದಿದ್ದೇನೆ. ಸುಲಭದ್ದು ಮೊದಲು, ಕಾನೂನಿನ ಸಂಗತಿ ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಆಗುತ್ತದೆ.

## ಶುರುವಿಗೆ

ಒಬ್ಬರು ನಿಜವಾಗಿ ತೊಂದರೆ ಕೊಡ್ತಾ ಇದ್ದಾರಾ, ಇಲ್ಲ ನನಗೇ ಅವರನ್ನು ಕಂಡರೆ ಆಗುವುದಿಲ್ಲವಾ? ಗೊತ್ತಾಗುವುದು ಹೇಗೆ?

ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಎರಡು ವಾರ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ತಾರೀಕು, ಹೊತ್ತು, ಏನಾಯಿತು, ಅದರಿಂದ ಯಾವ ಓದುಗರಿಗೆ ಅಥವಾ ಯಾವ ಕೆಲಸಕ್ಕೆ ತೊಂದರೆಯಾಯಿತು ಅಂತ. 'ಅಹಂಕಾರ ಜಾಸ್ತಿ', 'ಸೋಮಾರಿ' ಎಂಬ ಮಾತು ಬೇಡ. 'ಮಂಗಳವಾರ ಬೆಳಿಗ್ಗೆ ವಾಪಸು ಬಂದ ಪುಸ್ತಕಗಳು ಗುರುವಾರದ ತನಕ ಮೇಜಿನ ಮೇಲೆಯೇ ಇದ್ದವು' ಎಂದು ಬರೆಯಿರಿ.

ಆಮೇಲೆ ಕೂತು ಓದಿ ನೋಡಿ. ಓದುಗರಿಗಾಗಲಿ ಕೆಲಸಕ್ಕಾಗಲಿ ತೊಂದರೆಯಾದ ಸಾಲು ಒಂದೂ ಸಿಗದಿದ್ದರೆ, ನಿಮಗೆ ಅವರ ಮಾತಿನ ಧಾಟಿ ಹಿಡಿಸಿಲ್ಲ, ಅಷ್ಟೇ. ಅದನ್ನು ಸಹಿಸಿಕೊಳ್ಳಬೇಕು. ಅಂಥ ಸಾಲುಗಳು ತುಂಬಾ ಇದ್ದರೆ ಮಾತಾಡುವ ಹೊತ್ತು ಬಂದಿದೆ. ಸ್ವಭಾವ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಕಣ್ಣಿಗೆ ಕಾಣುವ ಕೆಲಸದ ಬಗ್ಗೆ ಮಾತಾಡುವುದು ನಮ್ಮ ಕೈಯಲ್ಲೇ ಇದೆ, ಅದು ನಮ್ಮ ಕರ್ತವ್ಯವೂ ಹೌದು.

ನನಗೆ ಮೂವತ್ತು, ಅವರಿಗೆ ಐವತ್ತೈದು. ಅಣ್ಣ ಅಂತ ಕರೆಯುವವರಿಗೆ ತಪ್ಪು ತೋರಿಸುವುದು ಹೇಗೆ?

ಅಣ್ಣ ಅಂತಲೇ ಕರೆದು ತೋರಿಸಿ. ಗೌರವಕ್ಕೂ ಕೆಲಸದ ಮಾತಿಗೂ ಜಗಳ ಇಲ್ಲ. ಆದರೆ ಓದುಗರ ಎದುರು ಬೇಡ, ಉಳಿದ ಸಿಬ್ಬಂದಿಯ ಎದುರೂ ಬೇಡ. ಬಾಗಿಲು ಹಾಕಿದ ಮೇಲೆ, ಐದು ನಿಮಿಷ ಸಾಕು. "ಅಣ್ಣ, ಒಂದು ವಿಷಯ ಮಾತಾಡ್ಲಿಕ್ಕುಂಟು. ನಿನ್ನೆ ಆ ಹುಡುಗಿ ಸದಸ್ಯತ್ವದ ಅರ್ಜಿ ಕೇಳಿದಾಗ ನಾಳೆ ಬಾ ಅಂದಿರಿ. ಅರ್ಜಿ ನಮ್ಮ ಡ್ರಾಯರಿನಲ್ಲೇ ಇತ್ತು. ಎಂತ ಆಯ್ತು?" ಇಷ್ಟು ಹೇಳಿ ಸುಮ್ಮನಿರಿ. ಆ ಮೌನ ಕಷ್ಟ. ನಾವೇ ಬಾಯಿ ತೆರೆದು "ಪರವಾಗಿಲ್ಲ ಬಿಡಿ" ಅಂದುಬಿಡುತ್ತೇವೆ. ಅನ್ನಬೇಡಿ. ಉತ್ತರ ಬರಲಿ.

ಹಿರಿಯರಿಗೆ ನಮಗಿಂತ ಜಾಸ್ತಿ ಗೊತ್ತಿರುವ ಸಂಗತಿ ಇದ್ದೇ ಇರುತ್ತದೆ. ಯಾವ ಕಪಾಟಿಗೆ ಮಳೆಗಾಲದಲ್ಲಿ ನೀರು ಜಿನುಗುತ್ತದೆ, ಯಾವ ಓದುಗರಿಗೆ ಕಣ್ಣು ಮಂಜು, ಹಳೆಯ ಪತ್ರಿಕೆಗಳ ಕಟ್ಟು ಎಲ್ಲಿದೆ, ಎಲ್ಲ ಅವರಿಗೆ ಬಾಯಿಪಾಠ. ಬೇರೆ ದಿನಗಳಲ್ಲಿ ಅದನ್ನು ಕೇಳಿ ಕಲಿತವರಿಗೆ, ಈ ದಿನ ತಪ್ಪು ಹೇಳುವ ಹಕ್ಕೂ ಸುಲಭವಾಗಿ ಸಿಗುತ್ತದೆ.

ದಿನಾ ತಡವಾಗಿ ಬರ್ತಾರೆ. ಕೇಳಿದರೆ ಬಸ್ಸು ಸಿಗಲಿಲ್ಲ ಅಂತಾರೆ. ಎಂತ ಮಾಡುವುದು?

ಬಸ್ಸು ನಿಜವಾಗಿ ಸಿಗದಿರಬಹುದು. ಜೋರು ಮಳೆಯ ದಿನ ಪಂಪ್‌ವೆಲ್, ನಂತೂರು ದಾಟುವುದು ಏನೆಂದು ಮಂಗಳೂರಿನವರಿಗೆ ಹೇಳಬೇಕಾಗಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿರಬಹುದು. ಕಾರಣ ಕೇಳಿ, ಪಾಳಿ ಬದಲಿಸಲು ಆಗುವುದಾದರೆ ಬದಲಿಸಿ. ಬೆಳಿಗ್ಗೆ ಬಾಗಿಲು ತೆರೆಯುವ ಕೆಲಸವನ್ನು ಹತ್ತಿರದ ಮನೆಯವರಿಗೆ ಕೊಟ್ಟು, ಸಂಜೆ ಮುಚ್ಚುವುದನ್ನು ಇವರಿಗೆ ಕೊಡಬಹುದು.

ಇಷ್ಟಾದ ಮೇಲೂ ತಡವಾದರೆ, ಹೊರಗೆ ನಿಂತವರ ವಿಷಯ ಹೇಳಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಸೀಟು ಹಿಡಿಯಲು ಬಾಗಿಲು ತೆರೆಯುವ ಮೊದಲೇ ಬಂದು ನಿಲ್ಲುತ್ತಾರೆ. ಅವರ ಅರ್ಧ ಗಂಟೆ ಹೋದದ್ದು ವಾಪಸು ಬರುವುದಿಲ್ಲ. ಮುಂದಿನ ತಿಂಗಳಿಗೆ ಒಂದು ಮಾತು ಕಟ್ಟಿ, ಹಾಜರಿ ನೋಡಿ, ತಪ್ಪಿದರೆ ಬರೆದು ಕೇಳಿ.

ರಾತ್ರಿ ಆಟಕ್ಕೆ ಹೋಗ್ತಾರೆ, ಹಗಲು ಕೌಂಟರಿನಲ್ಲಿ ತೂಕಡಿಸ್ತಾರೆ.

ಈ ಪ್ರಶ್ನೆ ಕರಾವಳಿಯಲ್ಲಿ ಮಾತ್ರ ಬರುತ್ತದೇನೋ! ಆಟ ಅಂದರೆ ನಮ್ಮಲ್ಲಿ ಯಕ್ಷಗಾನ. ದೀಪಾವಳಿಯ ನಂತರ ಮೇಳಗಳು ಹೊರಟರೆ ಮೇ ಕೊನೆಗೆ ಬರುವ ಪತ್ತನಾಜೆಯ ತನಕ ತಿರುಗಾಟ. ಬೆಳಗಿನ ತನಕ ನಡೆಯದೆ ಬೇಗ ಮುಗಿಯುವ ಕಾಲಮಿತಿ ಪ್ರಯೋಗ ಬಂದ ಮೇಲೆ ತೊಂದರೆ ಸ್ವಲ್ಪ ಕಡಿಮೆ. ಆದರೂ ನೋಡುವವರು, ಹವ್ಯಾಸಿಗಳಾಗಿ ವೇಷ ಹಾಕುವವರು ನಮ್ಮಲ್ಲಿ ಬಹಳ ಜನ. ಹಾಗಾಗಿ ಆಟ ಬಿಡಿ ಅಂತ ಹೇಳುವುದು ಬೇಡ. ಆಟ ಇರುವ ರಾತ್ರಿಗಳನ್ನು ಮೊದಲೇ ತಿಳಿಸಲಿ, ಮರುದಿನ ಮಧ್ಯಾಹ್ನದ ಪಾಳಿ ಅಥವಾ ರಜೆ ತೆಗೆದುಕೊಳ್ಳಲಿ. ಕೌಂಟರಿನಲ್ಲಿ ನಿದ್ದೆ ಮಾತ್ರ ಆಗದು. ಇನ್ನೊಂದು ಮಾತು: ಅಂಥವರ ಕೈಗೆ ಪ್ರಸಂಗ ಪುಸ್ತಕಗಳ ಕಪಾಟು ಕೊಟ್ಟು ನೋಡಿ. ಹರಿದ ಹಳೆಯ ಪ್ರಸಂಗ ಪ್ರತಿಗಳನ್ನು ಕವಿಯ ಹೆಸರು ಸಮೇತ ಗುರುತಿಸಿ ಜೋಡಿಸುವ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

## ಕೌಂಟರಿನಲ್ಲಿ, ಕಪಾಟಿನ ಹತ್ತಿರ

ಓದುಗರ ಮೇಲೆ ರೇಗ್ತಾರೆ. ದೂರು ಬಂದರೆ ನಾನು ಯಾರ ಪರ ನಿಲ್ಲಬೇಕು?

ಆ ಗಳಿಗೆಯಲ್ಲಿ ಓದುಗರ ಕೆಲಸ ಮುಗಿಸಿಕೊಡಿ. ತೀರ್ಪು ಆಮೇಲೆ. ಓದುಗರು ಹೋದ ನಂತರ ಸಿಬ್ಬಂದಿಯ ಮಾತನ್ನು ಪೂರ್ತಿ ಕೇಳಿ. ಏಕೆಂದರೆ ಕೆಲವು ಓದುಗರೂ ಬಾಯಿಗೆ ಬಂದ ಹಾಗೆ ಮಾತಾಡುತ್ತಾರೆ. ಪುಸ್ತಕದ ಹಾಳೆ ಹರಿದವರನ್ನು ಕೇಳಿದ್ದಕ್ಕೆ ಬೈಸಿಕೊಂಡ ಸಹಾಯಕಿಯ ಬೆನ್ನಿಗೆ ನೀವು ನಿಲ್ಲದಿದ್ದರೆ, ನಾಳೆಯಿಂದ ಅವರು ಯಾವ ಹಾಳೆಯನ್ನೂ ನೋಡುವುದಿಲ್ಲ.

ಆದರೆ ರೇಗುವುದೇ ಅಭ್ಯಾಸವಾಗಿದ್ದರೆ ನೇರವಾಗಿ ಹೇಳಬೇಕು. ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಅದರ ಮೇಲೆ ಶೇಕಡಾ 6 ಗ್ರಂಥಾಲಯ ಕರ ಕಟ್ಟುತ್ತಾರೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮ ಕಟ್ಟಿದ ವ್ಯವಸ್ಥೆ ಇದು. ಎದುರು ನಿಂತ ಮೀನುಗಾರ್ತಿಯಾಗಲಿ, ನಿವೃತ್ತ ಮೇಷ್ಟ್ರಾಗಲಿ ಬೇಡಲಿಕ್ಕೆ ಬಂದವರಲ್ಲ. ಯಾವ ಹೊತ್ತಿನಲ್ಲಿ ರೇಗುತ್ತಾರೆ ಎಂದೂ ಗಮನಿಸಿ. ಊಟದ ಬಿಡುವಿಲ್ಲದೆ ಒಬ್ಬರೇ ನಾಲ್ಕು ಗಂಟೆ ಕೌಂಟರಿನಲ್ಲಿ ಕೂತ ಮೇಲೆ ರೇಗುವುದಾದರೆ, ಮೊದಲು ಸರಿಯಾಗಬೇಕಾದದ್ದು ನಿಮ್ಮ ಪಾಳಿ ಪಟ್ಟಿ.

ಪುಸ್ತಕ ಕೊಡಲಿಕ್ಕೇ ಒಪ್ಪುವುದಿಲ್ಲ ಮಾರಾಯ್ರೆ. ಒಳ್ಳೆಯದನ್ನೆಲ್ಲ ಒಳಗಿಟ್ಟು ಬೀಗ ಹಾಕಿದ್ದಾರೆ. ಕೇಳಿದರೆ 'ಹೋದರೆ ಯಾರು ಕೊಡುವುದು' ಅಂತಾರೆ.

ಇದು ನನಗೆ ಅತಿ ಹೆಚ್ಚು ಬೇಸರ ತರಿಸುವ ಪ್ರಶ್ನೆ. ಹಾಗೆಯೇ, ಅತಿ ಹೆಚ್ಚು ಸಹಾನುಭೂತಿಯಿಂದ ನೋಡಬೇಕಾದ ಪ್ರಶ್ನೆಯೂ ಹೌದು. ಬೀಗ ಹಾಕಿದವರನ್ನು ಜಿಪುಣರು ಎಂದು ಎಲ್ಲರೂ ಬೈಯುತ್ತಾರೆ. ಅವರ ಎದೆಯಲ್ಲಿರುವುದು ಭಯ. ಕಳೆದ ಪುಸ್ತಕದ ಬೆಲೆಯನ್ನು ನಿವೃತ್ತಿಯ ಹೊತ್ತಿಗೆ ಪಿಂಚಣಿಯಲ್ಲಿ ಮುರಿದುಕೊಳ್ಳುತ್ತಾರೆ ಎಂಬ ಮಾತನ್ನು ಅವರು ಸೇವೆಗೆ ಸೇರಿದ ದಿನದಿಂದ ಕೇಳುತ್ತಾ ಬಂದಿದ್ದಾರೆ. ಭಯವನ್ನು ಬುದ್ಧಿವಾದದಿಂದ ಓಡಿಸಲು ಆಗುವುದಿಲ್ಲ. ನಿಯಮ ತೋರಿಸಿ ಓಡಿಸಬೇಕು.

ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957 ಪ್ರಕಾರ, ನಷ್ಟದ ವಸೂಲಿ ಎಂಬುದು ಒಂದು ದಂಡನೆ. ನಿರ್ಲಕ್ಷ್ಯ ಅಥವಾ ಆದೇಶ ಮೀರಿದ್ದರಿಂದ ಸರ್ಕಾರಕ್ಕೆ ನಷ್ಟವಾಗಿದ್ದರೆ ಮಾತ್ರ ಅದು ಬರುತ್ತದೆ. ಅದಕ್ಕೂ ಮೊದಲು ನೋಟಿಸ್ ಕೊಟ್ಟು, ಉತ್ತರ ಕೇಳಿ, ಆ ಉತ್ತರವನ್ನು ಪರಿಶೀಲಿಸಲೇಬೇಕು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017 ಇನ್ನೂ ಸ್ಪಷ್ಟ. ಅದರ 215ನೇ ನಿಯಮದಲ್ಲಿ, ಒಂದು ವರ್ಷದಲ್ಲಿ ಎರವಲು ಕೊಟ್ಟ ಅಥವಾ ಓದಲು ತೆಗೆದ ಪ್ರತಿ 1000 ಸಂಪುಟಕ್ಕೆ 5 ಸಂಪುಟದವರೆಗೆ ಕಳೆದುಹೋಗುವುದು ಸಹಜ ಎಂದು ಒಪ್ಪಿದ್ದಾರೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು, ಅಷ್ಟೇ. 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಮತ್ತು ಅಪರೂಪದ ಪುಸ್ತಕ ಹೋದರೆ ಮಾತ್ರ ತನಿಖೆ ಆಗಲೇಬೇಕು. 20,000 ಸಂಪುಟದವರೆಗಿನ ಗ್ರಂಥಾಲಯದಲ್ಲಿ ಪ್ರತಿ ವರ್ಷ ಪೂರ್ತಿ ತಪಾಸಣೆ, 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ ಪೂರ್ತಿ ತಪಾಸಣೆ, ಅದಕ್ಕಿಂತ ದೊಡ್ಡದಾದರೆ ಮಾದರಿ ತಪಾಸಣೆ ಎಂದೂ ಅದೇ ನಿಯಮ ಹೇಳುತ್ತದೆ. ಇದು ಕೇಂದ್ರದ ನಿಯಮ, ನಮ್ಮ ರಾಜ್ಯದ ಗ್ರಂಥಾಲಯಗಳಿಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಕಳೆಯುವುದು ಅಪರಾಧವಲ್ಲ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೇ?

ಹಾಗಾದರೆ ಮಾಡುವುದು ಏನು? ಬೀಗ ತೆಗೆಯುವ ಆದೇಶವನ್ನು ಬಾಯಲ್ಲಿ ಹೇಳಬೇಡಿ. ನಿಮ್ಮ ಸಹಿಯಲ್ಲಿ ಬರೆದು ಕೊಡಿ. ಕಪಾಟು ತೆರೆಯುವ ಮೊದಲು ಇಬ್ಬರೂ ಸೇರಿ ಪರಿಗ್ರಹಣ ವಹಿ (ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ರಿಜಿಸ್ಟರ್) ಇಟ್ಟುಕೊಂಡು ಎಣಿಸಿ, ಇರುವುದು ಇಷ್ಟು, ಇಲ್ಲದಿರುವುದು ಇಷ್ಟು ಎಂದು ಇಬ್ಬರೂ ಸಹಿ ಹಾಕಿ. ಹಳೆಯ ಲೆಕ್ಕದ ಭಾರ ಹೊಸ ಲೆಕ್ಕದ ಮೇಲೆ ಬೀಳದ ಹಾಗೆ ಮಾಡಿದರೆ, ಬೀಗದ ಕೈ ತಾನಾಗಿಯೇ ನಿಮ್ಮ ಮೇಜಿಗೆ ಬರುತ್ತದೆ. ಅಪರೂಪದ್ದನ್ನು ಪರಾಮರ್ಶನ ವಿಭಾಗದಲ್ಲಿ ಕಣ್ಣೆದುರು ಇಡಿ. ಉಳಿದದ್ದೆಲ್ಲ ಓದುಗರ ಕೈಗೆ ಹೋಗಲಿ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1917ರಲ್ಲಿ ಗಣಿತ ಕಲಿಸಲು ಬಂದದ್ದು ಮಂಗಳೂರಿನ ಸರ್ಕಾರಿ ಕಾಲೇಜಿಗೆ, ಅಂದರೆ ಹಂಪನಕಟ್ಟೆಯ ಈಗಿನ ವಿಶ್ವವಿದ್ಯಾನಿಲಯ ಕಾಲೇಜಿಗೆ. ಗ್ರಂಥಪಾಲಕರಾದದ್ದು ಆಮೇಲೆ, 1924ರಲ್ಲಿ, ಮದರಾಸಿನಲ್ಲಿ. ಅವರು 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ ಎಂಬುದು. ಅವರು ಪಾಠ ಮಾಡಿದ ಊರಿನಲ್ಲೇ ಪುಸ್ತಕಕ್ಕೆ ಬೀಗ ಬಿದ್ದರೆ ಸಂಕಟ ಆಗುವುದಿಲ್ಲವೇ?

ಕಂಪ್ಯೂಟರ್ ಮುಟ್ಟುವುದೇ ಇಲ್ಲ. 'ನಮ್ಮ ಕಾಲದಲ್ಲಿ ರಿಜಿಸ್ಟರೇ ಸಾಕಿತ್ತು' ಅಂತಾರೆ.

ಒಂದೇ ಒಂದು ಕೆಲಸ ಕಲಿಸಿ. ಇ-ಗ್ರಂಥಾಲಯ ತಂತ್ರಾಂಶ ಇದ್ದರೆ, ವಾಪಸು ಬಂದ ಪುಸ್ತಕದ ನಮೂದು ಮಾತ್ರ. ಎರಡು ವಾರ ಬೇರೆ ಏನೂ ಬೇಡ. ಕಲಿಸುವವರು ಪಕ್ಕದಲ್ಲಿ ಕೂರಲಿ, ಮೌಸ್ ಅವರ ಕೈಯಲ್ಲೇ ಇರಲಿ. ನಾವು ಅವಸರಕ್ಕೆ ಮೌಸ್ ಕಿತ್ತುಕೊಂಡು ಮಾಡಿಬಿಡುತ್ತೇವೆ, ಕಲಿಕೆ ಅಲ್ಲಿಗೇ ನಿಲ್ಲುತ್ತದೆ. ತಪ್ಪಾದರೆ ಸರಿಮಾಡಬಹುದು ಎಂದು ಮೊದಲ ದಿನವೇ ಮಾಡಿ ತೋರಿಸಿ. 2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯ ಬಂದಾಗ ಓದುಗರನ್ನು ನೋಂದಾಯಿಸಲು ಮೊಬೈಲಿನಲ್ಲೇ ಕಲಿತ ಹಿರಿಯರನ್ನು ನಾನು ನೋಡಿದ್ದೇನೆ. ಕಲಿಸಿ, ಸಮಯ ಕೊಟ್ಟು, ಆಮೇಲೂ ಮುಟ್ಟದಿದ್ದರೆ ಅದು ಆದೇಶ ಪಾಲಿಸದ ವಿಷಯ. ಹಾಗೆಂದೇ ಬರೆದು ಕೇಳಿ.

ಇಡೀ ದಿನ ಮೊಬೈಲ್ ನೋಡ್ತಾರೆ.

ಕೌಂಟರಿನಲ್ಲಿ ಕೂತವರ ಮೊಬೈಲ್ ಡ್ರಾಯರಿನಲ್ಲಿ ಎಂಬ ನಿಯಮ ಮಾಡಿ. ನೀವೂ ಪಾಲಿಸಿ. ಮನೆಯ ತುರ್ತಿಗೆ ಕಚೇರಿಯ ನಂಬರ್ ಕೊಟ್ಟಿರಲಿ.

ಮಳೆಗೆ ಮಾಡು (ಛಾವಣಿ) ಸೋರಿ ಪುಸ್ತಕ ಒದ್ದೆಯಾಯ್ತು. ಎತ್ತಿಡಿ ಅಂದರೆ 'ಅದು ನನ್ನ ಕೆಲಸ ಅಲ್ಲ' ಅಂದರು. ನನಗೆ ಅಳು ಬಂತು.

ಅಳು ಬರುವುದು ಸಹಜ. ಒದ್ದೆ ಪುಸ್ತಕಕ್ಕೆ ಎರಡು ಮೂರು ದಿನದೊಳಗೆ ಬೂಷ್ಟು ಹಿಡಿಯುತ್ತದೆ, ನಮ್ಮ ಜೂನ್, ಜುಲೈನ ಗಾಳಿಯಲ್ಲಿ ಇನ್ನೂ ಬೇಗ. ಆದರೆ ಜಗಳದ ನಡುವೆ ಕೆಲಸ ಹಂಚಲು ಆಗುವುದಿಲ್ಲ. ಮೇ ತಿಂಗಳಲ್ಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ: ಸೋರಿದರೆ ಯಾರು ಟಾರ್ಪಾಲು ತರುವುದು, ಯಾರು ಕೆಳಗಿನ ಸಾಲು ಎತ್ತುವುದು, ಯಾರು ಫ್ಯಾನಿನ ಕೆಳಗೆ ಹರಡುವುದು. ನಿಮ್ಮ ಹೆಸರೂ ಅದರಲ್ಲಿರಲಿ.

'ನನ್ನ ಕೆಲಸ ಅಲ್ಲ' ಎಂದವರ ಹಿಂದಿನ ಕಾರಣವನ್ನೂ ನೋಡಿ. ಧೂಳು, ಬೂಷ್ಟು ಆಗದ ಉಬ್ಬಸದವರು ಅದನ್ನು ಹೇಳಲು ನಾಚಿಕೊಂಡು ಹೀಗೆ ಅನ್ನುವುದುಂಟು. ಬೆನ್ನುನೋವಿನವರೂ ಇದ್ದಾರೆ. ಅಂಥವರಿಗೆ ಒದ್ದೆಯಾದ ಪುಸ್ತಕಗಳ ಪಟ್ಟಿ ಬರೆಯುವ ಕೆಲಸ ಕೊಡಿ.

## ಸಿಬ್ಬಂದಿಯ ನಡುವೆಯೇ

ಇಬ್ಬರು ಮಾತು ಬಿಟ್ಟಿದ್ದಾರೆ. ಚೀಟಿ ಬರೆದು ಕಳಿಸ್ತಾರೆ. ರಾಜಿ ಮಾಡಿಸಬೇಕಾ?

ಸ್ನೇಹ ಮಾಡಿಸುವುದು ನಿಮ್ಮ ಕೆಲಸವಲ್ಲ. ಕೆಲಸದ ಮಾತು ನಡೆಯುವಂತೆ ಮಾಡುವುದು ನಿಮ್ಮ ಕೆಲಸ. ಒಬ್ಬೊಬ್ಬರನ್ನೇ ಕೂರಿಸಿ ಕೇಳಿ. ಜಗಳದ ಬುಡ ಎಷ್ಟೋ ಸಲ ಗ್ರಂಥಾಲಯದ ಹೊರಗೆ ಇರುತ್ತದೆ: ಸಾಲ, ಜಾಗದ ತಕರಾರು, ಮದುವೆಗೆ ಕರೆಯದಿದ್ದದ್ದು. ಅದನ್ನು ಬಿಡಿಸಲು ಹೋಗಬೇಡಿ. ಪಾಳಿ ಬದಲಾಗುವಾಗ ಹಣ, ಬೀಗದ ಕೈ, ಬಾಕಿ ಕೆಲಸ, ಈ ಮೂರನ್ನು ಬಾಯಿಬಿಟ್ಟು ಹೇಳಿ ಒಪ್ಪಿಸಬೇಕು ಎಂದು ಇಬ್ಬರಿಗೂ ಹೇಳಿ, ಮೊದಲ ವಾರ ನೀವೇ ಪಕ್ಕದಲ್ಲಿ ನಿಲ್ಲಿ.

ನಾನು ಬಾಗಲಕೋಟೆಯವಳು. ಇಲ್ಲಿ ಎಲ್ಲರೂ ತುಳುವಿನಲ್ಲೇ ಮಾತಾಡಿ ನಗ್ತಾರೆ. ನನ್ನ ಬಗ್ಗೆಯೇ ಅನಿಸ್ತದೆ.

ಬಹುಪಾಲು ನಿಮ್ಮ ಬಗ್ಗೆ ಆಗಿರುವುದಿಲ್ಲ. ಇಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಯಿಂದಲೇ ಬಂದ ಮಾತು. ಒಂದೇ ಕೌಂಟರಿನಲ್ಲಿ ಮೂರು ಭಾಷೆ ಹತ್ತು ನಿಮಿಷದಲ್ಲಿ ಓಡಾಡುತ್ತದೆ. ವಯಸ್ಸಾದ ಓದುಗರ ಜೊತೆ ತುಳುವಿನಲ್ಲಿ ಮಾತಾಡುವ ಸಿಬ್ಬಂದಿ ಇರುವುದು ನಮ್ಮ ಗ್ರಂಥಾಲಯಗಳ ಭಾಗ್ಯ. ಅದನ್ನು ನಿಲ್ಲಿಸುವ ಆದೇಶ ಹೊರಡಿಸಬೇಡಿ.

ಆದರೆ ಜವಾಬ್ದಾರಿಯಲ್ಲಿ ಇರುವವರಿಗೆ ನಾನು ಹೇಳುವುದು ಬೇರೆ. ಗೊತ್ತಿಲ್ಲದವರು ಒಬ್ಬರಿದ್ದರೂ ಕೆಲಸದ ಮಾತು ಕನ್ನಡದಲ್ಲಿ ಆಗಬೇಕು. ಸೂಚನೆ, ಸಭೆ, ಪಾಳಿಯ ವಿಷಯ ಎಲ್ಲ. ಎದುರು ಕೂತವರಿಗೆ ತಿಳಿಯದ ಭಾಷೆಯಲ್ಲಿ ಅವರ ಕೆಲಸವನ್ನು ಚರ್ಚಿಸುವುದು ಅವಮಾನವೇ. ಈ ಪ್ರಶ್ನೆ ಕೇಳಿದ ತಂಗಿಗೆ: ನಾಲ್ಕು ತುಳು ಮಾತು ಕಲಿಯಿರಿ. "ಒಣಸ್ ಆಂಡಾ?" (ಊಟ ಆಯ್ತಾ?) ಅಂತ ಒಂದು ಸಲ ಕೇಳಿ ನೋಡಿ.

ಹಬ್ಬದ ರಜೆಗೆ ಪ್ರತಿ ವರ್ಷ ಜಗಳ.

ಗ್ರಂಥಾಲಯ ಭಾನುವಾರ ತೆರೆದಿರುತ್ತದೆ, ವಾರದ ರಜೆ ಸೋಮವಾರ. ಊರಿನ ಮದುವೆ, ದೈವದ ನೇಮ, ಕುಟುಂಬದ ತಂಬಿಲ ಪೂಜೆ ಹೆಚ್ಚಾಗಿ ಬರುವುದು ಭಾನುವಾರವೇ. ಹಾಗಾಗಿ ಬೇರೆ ಕಚೇರಿಗಿಂತ ನಮ್ಮಲ್ಲಿ ಈ ಜಗಳ ಜಾಸ್ತಿ. ಜನವರಿಯಲ್ಲೇ ವರ್ಷದ ಕ್ಯಾಲೆಂಡರ್ ಹಾಕಿ, ಪ್ರತಿಯೊಬ್ಬರೂ ತಪ್ಪಿಸಲಾಗದ ಎರಡು ದಿನ ಗುರುತಿಸಲಿ. ಒಬ್ಬರಿಗೆ ಮನೆಯ ದೈವದ ನೇಮ, ಒಬ್ಬರಿಗೆ ಸೆಪ್ಟೆಂಬರ್ 8ರ ತೆನೆ ಹಬ್ಬ, ಒಬ್ಬರಿಗೆ ರಂಜಾನಿನ ಕೊನೆಯ ದಿನಗಳು, ಉಡುಪಿಯವರಿಗೆ ವಿಟ್ಲಪಿಂಡಿ, ಎರಡು ವರ್ಷಕ್ಕೊಮ್ಮೆ ಪರ್ಯಾಯ. ಬೇರೆ ಬೇರೆ ಹಬ್ಬದವರು ಇರುವುದು ಪಾಳಿ ಹಾಕಲು ಅನುಕೂಲವೇ. ದಿನ ಡಿಕ್ಕಿಯಾದರೆ ಕಳೆದ ವರ್ಷ ಬಿಟ್ಟುಕೊಟ್ಟವರಿಗೆ ಈ ವರ್ಷ ಮೊದಲು. ಹಾಳೆ ಗೋಡೆಯ ಮೇಲಿರಲಿ, ಎಲ್ಲರಿಗೂ ಕಾಣಲಿ.

ಚೆನ್ನಾಗಿ ಕೆಲಸ ಮಾಡುವವರಿಗೇ ಎಲ್ಲ ಕೆಲಸ ಬೀಳ್ತದೆ. ಅವರೂ ಈಗ ಮುಖ ಸಿಂಡರಿಸ್ತಾರೆ.

ಸಿಂಡರಿಸಲಿ, ಅವರಿಗೆ ನ್ಯಾಯವಾದ ಕಾರಣ ಇದೆ. ಕಷ್ಟದ ಸಿಬ್ಬಂದಿಯನ್ನು ಎದುರಿಸಲು ಅಂಜಿ ನಾವು ಅವರ ಕೆಲಸವನ್ನು ಒಳ್ಳೆಯವರ ತಲೆಗೆ ಕಟ್ಟುತ್ತೇವೆ. ಹೀಗೆ ಎರಡು ವರ್ಷ ನಡೆದರೆ ನಿಮ್ಮಲ್ಲಿ ಇಬ್ಬರು ಕಷ್ಟದ ಸಿಬ್ಬಂದಿ ಇರುತ್ತಾರೆ. ಇವತ್ತೇ ಕೆಲಸದ ಪಟ್ಟಿ ಮಾಡಿ, ಯಾರ ಹತ್ತಿರ ಎಷ್ಟಿದೆ ನೋಡಿ, ಹಂಚಿ.

## ಕಷ್ಟದ ಸಂಗತಿಗಳು

ಕುಡಿದು ಕೆಲಸಕ್ಕೆ ಬಂದರು. ಆ ಹೊತ್ತಿಗೆ ಎಂತ ಮಾಡಬೇಕು?

ಓದುಗರಿಂದ ದೂರ ಕರೆದುಕೊಂಡು ಹೋಗಿ ಕೂರಿಸಿ. ವಾದ ಬೇಡ. ಬೈಕಿನ ಕೀ ಅವರ ಕೈಗೆ ಕೊಡಬೇಡಿ. ಮನೆಯವರಿಗೆ ಫೋನ್ ಮಾಡಿ ಕಳಿಸಿ. ಮೈಗೆ ಹುಷಾರಿಲ್ಲ ಅನಿಸಿದರೆ ಮಂಗಳೂರಿನಲ್ಲಾದರೆ ವೆನ್ಲಾಕ್ ಆಸ್ಪತ್ರೆಗೆ, ಉಡುಪಿಯಲ್ಲಾದರೆ ಅಜ್ಜರಕಾಡು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಅದೇ ದಿನ, ನೋಡಿದ ಇಬ್ಬರ ಸಹಿ ಸಮೇತ, ಕಂಡದ್ದನ್ನು ಬರೆದು ಮೇಲಧಿಕಾರಿಗೆ ಕಳಿಸಿ. 'ಕುಡಿದಿದ್ದರು' ಎಂದು ತೀರ್ಪು ಬರೆಯುವ ಬದಲು 'ನಡೆಯುವಾಗ ತೂರಾಡುತ್ತಿದ್ದರು, ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು' ಎಂದು ಬರೆಯಿರಿ. ಮರುದಿನ ಬಂದಾಗ ಚಿಕಿತ್ಸೆಯ ಮಾತೂ ಆಗಲಿ, ಶಿಸ್ತಿನ ಮಾತೂ ಆಗಲಿ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಡಿ.

ಮೊದಲು ಚೆನ್ನಾಗಿದ್ದರು. ಈಗ ಯಾರ ಹತ್ತಿರವೂ ಮಾತಿಲ್ಲ, ಕೆಲಸ ತಪ್ಪುತ್ತದೆ, ಸುಮ್ನೆ ಅಳ್ತಾರೆ.

ಮೊದಲು ಶಿಸ್ತಿನ ಕಡತ ಮುಚ್ಚಿಡಿ. ಇದ್ದಕ್ಕಿದ್ದ ಹಾಗೆ ಬದಲಾದ ಮನುಷ್ಯರಲ್ಲಿ ಕಾಯಿಲೆಯೋ ದುಃಖವೋ ಇರುತ್ತದೆ. "ಏನಾಗಿದೆ ನಿಮಗೆ" ಎಂದು ಗದರದೆ, "ಒಂದು ತಿಂಗಳಿಂದ ನೋಡ್ತಾ ಇದ್ದೇನೆ, ನೀವು ಮೊದಲಿನ ಹಾಗೆ ಇಲ್ಲ. ನನ್ನಿಂದ ಏನಾದರೂ ಆಗಬೇಕಾ?" ಎಂದು ಕೇಳಿ. ಟೆಲಿ ಮನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಸಿಗುತ್ತದೆ. ನಂಬರ್ ಕೊಡಿ. ರಜೆ ಬೇಕಾದರೆ ಕೊಡಿಸಿ. ಅವರು ಹೇಳಿದ್ದು ನಿಮ್ಮಲ್ಲೇ ಇರಲಿ, ಸಿಬ್ಬಂದಿಯ ಚಹಾದ ಮಾತಾಗುವುದು ಬೇಡ. ಸಾಯುವ ಮಾತಾಡಿದರೆ ಮಾತ್ರ ಒಬ್ಬರೇ ಇಟ್ಟುಕೊಳ್ಳಬೇಡಿ, ಆ ಕ್ಷಣವೇ ಮನೆಯವರನ್ನು, ವೈದ್ಯರನ್ನು ಸೇರಿಸಿ.

ಹೊರಗುತ್ತಿಗೆಯ ಹುಡುಗ ಹೇಳಿದ್ದು ಕೇಳುವುದಿಲ್ಲ. ಮೆಮೋ ಕೊಡಬಹುದಾ?

ದಿನದ ಕೆಲಸ ಹೇಳಬಹುದು, ತಪ್ಪಿದರೆ ಕೇಳಬಹುದು. ಶಿಸ್ತಿನ ಕ್ರಮ ಮಾತ್ರ ಏಜೆನ್ಸಿಯ ಮೂಲಕ. ಅವರ ಉದ್ಯೋಗದಾತರು ಆ ಏಜೆನ್ಸಿ. ಆದರೆ ಏಜೆನ್ಸಿಗೆ ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿ: ಸಂಬಳ ಬಂತಾ? ಎರಡು ಮೂರು ತಿಂಗಳ ಸಂಬಳ ಬಾಕಿ ಇರುವ ಹುಡುಗನ ಮುಖದಲ್ಲಿ ಉತ್ಸಾಹ ಹುಡುಕುವುದು ಅನ್ಯಾಯ. ಸಂಬಳದ ಚೀಟಿ ನೋಡಿ. ಭವಿಷ್ಯ ನಿಧಿಗೆ ನೌಕರರಿಂದ ಶೇಕಡಾ 12 ಮುರಿದರೆ ಅಷ್ಟೇ ಉದ್ಯೋಗದಾತರೂ ಹಾಕಬೇಕು. ಇಎಸ್ಐ (ನೌಕರರ ರಾಜ್ಯ ವಿಮೆ) ಅನ್ವಯಿಸುವಲ್ಲಿ ನೌಕರರದ್ದು ಶೇಕಡಾ 0.75, ಉದ್ಯೋಗದಾತರದ್ದು ಶೇಕಡಾ 3.25. ಕಟ್ಟದಿದ್ದರೆ ಮೇಲಧಿಕಾರಿಗೆ ಬರೆಯುವುದು ನಿಮ್ಮ ಹೊಣೆ. ಅವನ ಪರವಾಗಿ ಒಂದು ಪತ್ರ ಬರೆದ ಮೇಲೆ ಅವನು ಹೇಗೆ ಕೆಲಸ ಮಾಡುತ್ತಾನೆ ನೋಡಿ.

ಸಹಾಯಕಿಯೊಬ್ಬರು ಗಂಡಸು ಸಿಬ್ಬಂದಿಯ ವರ್ತನೆ ಬಗ್ಗೆ ನನ್ನ ಹತ್ತಿರ ಹೇಳಿದರು. 'ಇಲ್ಲೇ ಮುಗಿಸೋಣ' ಅಂತ ಹಿರಿಯರು ಹೇಳ್ತಾರೆ.

ಇಲ್ಲೇ ಮುಗಿಸುವ ಅಧಿಕಾರ ನಿಮಗೂ ಇಲ್ಲ, ಹಿರಿಯರಿಗೂ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013 ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು. ಅಧ್ಯಕ್ಷರು ಹಿರಿಯ ಮಹಿಳಾ ನೌಕರರೇ ಆಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹತ್ತಕ್ಕಿಂತ ಕಡಿಮೆ ಜನರ ಶಾಖೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ 3 ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ರಾಜಿ ಬೇಕೆಂದು ಕೇಳುವ ಹಕ್ಕು ಆ ಮಹಿಳೆಗೆ ಮಾತ್ರ, ಹಣದ ಮೇಲೆ ರಾಜಿ ಆಗುವಂತಿಲ್ಲ.

ನೀವು ಮಾಡಬೇಕಾದ್ದು: ಅವರ ಮಾತನ್ನು ನಂಬಿ ಕೇಳಿ, ಬರೆಯಲು ಸಹಾಯ ಬೇಕಾದರೆ ಮಾಡಿ, ಇಬ್ಬರ ಪಾಳಿ ಬೇರೆ ಮಾಡಿ. ಪಾಳಿ ಬದಲಿಸುವಾಗ ದೂರು ಕೊಟ್ಟವರಿಗೆ ಅನನುಕೂಲ ಆಗದಿರಲಿ. ಹೆಸರು ಎಲ್ಲೂ ಹೊರಬೀಳಬಾರದು.

ದಂಡದ ಹಣ, ಸದಸ್ಯತ್ವದ ಠೇವಣಿ ಲೆಕ್ಕಕ್ಕೆ ಬರ್ತಾ ಇಲ್ಲ.

ಯಾರನ್ನೂ ಕಳ್ಳ ಅನ್ನಬೇಡಿ, ಹಾಗೆಂದು ಒಂದು ದಿನವೂ ಕಾಯಬೇಡಿ. ರಶೀದಿ ಪುಸ್ತಕದ ಕ್ರಮಸಂಖ್ಯೆ, ನಗದು ವಹಿ, ಬ್ಯಾಂಕಿಗೆ ಕಟ್ಟಿದ ಚಲನ್, ಈ ಮೂರನ್ನು ಪಕ್ಕಪಕ್ಕ ಇಟ್ಟು ಇನ್ನೊಬ್ಬರ ಎದುರು ಹೊಂದಿಸಿ ನೋಡಿ. ವ್ಯತ್ಯಾಸ ಇದ್ದರೆ ಆ ಪುಸ್ತಕಗಳನ್ನು ನಿಮ್ಮ ವಶಕ್ಕೆ ತೆಗೆದುಕೊಂಡು ಅದೇ ದಿನ ಮೇಲೆ ವರದಿ ಮಾಡಿ. 'ತಿಂಗಳ ಕೊನೆಗೆ ತುಂಬಿಸ್ತೇನೆ' ಎಂಬ ಮಾತಿಗೆ ಒಪ್ಪಿದರೆ ನೀವೂ ಪಾಲುದಾರರಾಗುತ್ತೀರಿ.

## ಕಾಗದ, ನಿಯಮ, ಅಧಿಕಾರ

ಮೆಮೋ ಬರೆಯುವುದು ಹೇಗೆ?

ಗಟ್ಟಿಯಾಗಿ ಓದಿದರೂ ನಾಚಿಕೆಯಾಗದ ಹಾಗೆ ಬರೆಯಿರಿ. 'ತಾವು ದಿನಾಂಕ 3, 7 ಮತ್ತು 12ರಂದು ಬೆಳಿಗ್ಗೆ ನಿಗದಿತ ಸಮಯಕ್ಕಿಂತ 40 ನಿಮಿಷ ತಡವಾಗಿ ಬಂದಿರುತ್ತೀರಿ. 7ರಂದು ಓದುಗರು ಹೊರಗೆ ಕಾಯಬೇಕಾಯಿತು. ದಿನಾಂಕ 8ರಂದು ಈ ಬಗ್ಗೆ ಮೌಖಿಕವಾಗಿ ತಿಳಿಸಲಾಗಿತ್ತು. ತಮ್ಮ ಸಮಜಾಯಿಷಿಯನ್ನು 7 ದಿನದೊಳಗೆ ಲಿಖಿತವಾಗಿ ನೀಡುವುದು.' ಇಷ್ಟೇ. 'ಪದೇ ಪದೇ', 'ಬೇಜವಾಬ್ದಾರಿ', 'ಉದ್ಧಟತನ' ಎಂಬ ಮಾತುಗಳು ಬೇಡ, ತಾರೀಕುಗಳೇ ಸಾಕು. ಪ್ರತಿ ಕೊಟ್ಟು ಸಹಿ ಪಡೆಯಿರಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸಾಕ್ಷಿಯ ಎದುರು ಹಾಗೆಂದು ಬರೆದು ಅಂಚೆಯಲ್ಲಿ ಕಳಿಸಿ. ಉತ್ತರ ಬಂದರೆ ಓದಿ. ಉತ್ತರ ಸರಿಯಿದ್ದರೆ ಒಪ್ಪಿ, ಒಪ್ಪಿದ್ದನ್ನೂ ಬರೆದು ತಿಳಿಸಿ.

ನಾನೇ ಸಂಬಳ ತಡೆಯಬಹುದಾ? ಅಮಾನತು ಮಾಡಬಹುದಾ?

ಆಗುವುದಿಲ್ಲ. ಶಾಖೆಯಲ್ಲಿ ಇರುವವರಿಗೆ ಸಾಮಾನ್ಯವಾಗಿ ಇರುವುದು ಕೇಳುವ, ಬರೆಯುವ, ವರದಿ ಮಾಡುವ ಅಧಿಕಾರ. ಸರ್ಕಾರಿ ನೌಕರರಿಗೆ 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳ 8ನೇ ನಿಯಮದಲ್ಲಿ ದಂಡನೆಗಳ ಪಟ್ಟಿ ಇದೆ. ವಾಗ್ದಂಡನೆ, ವೇತನ ಬಡ್ತಿ ತಡೆ, ನಷ್ಟ ವಸೂಲಿ ಸಣ್ಣ ದಂಡನೆಗಳ ಕಡೆ ಬರುತ್ತವೆ. ಹಿಂಬಡ್ತಿ, ಕಡ್ಡಾಯ ನಿವೃತ್ತಿ, ಸೇವೆಯಿಂದ ತೆಗೆಯುವುದು, ವಜಾ ದೊಡ್ಡವು. ದೊಡ್ಡ ದಂಡನೆಗೆ 11ನೇ ನಿಯಮದಂತೆ ಪೂರ್ಣ ಇಲಾಖಾ ವಿಚಾರಣೆ ಬೇಕು, ಸಣ್ಣದಕ್ಕೆ 12ನೇ ನಿಯಮದಂತೆ ನೋಟಿಸ್ ಮತ್ತು ಉತ್ತರ. ಅಮಾನತು 10ನೇ ನಿಯಮದಲ್ಲಿದೆ, ಅದು ದಂಡನೆ ಅಲ್ಲ, ಆ ಅವಧಿಗೆ ಜೀವನಾಧಾರ ಭತ್ಯೆ ಕೊಡಬೇಕು. ನೇಮಕ ಮಾಡಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ ಎಂದು ಸಂವಿಧಾನದ 311ನೇ ವಿಧಿಯೇ ಹೇಳುತ್ತದೆ.

ಇದನ್ನೆಲ್ಲ ಓದಿ 'ಹಾಗಾದರೆ ನಮ್ಮಿಂದ ಏನೂ ಆಗುವುದಿಲ್ಲ' ಎಂದು ಕೈಚೆಲ್ಲುವವರಿದ್ದಾರೆ. ವಿಚಾರಣೆ ಗೆಲ್ಲುವುದೂ ಸೋಲುವುದೂ ಶಾಖೆಯಲ್ಲಿ ಬರೆದಿಟ್ಟ ತಾರೀಕುಗಳ ಮೇಲೆ. ಆ ಬರಹ ನಿಮ್ಮದು.

ಅವರ ಕೆಲಸದ ವಾರ್ಷಿಕ ವರದಿಯಲ್ಲಿ ಕೆಟ್ಟದಾಗಿ ಬರೆದರೆ ಸಾಕಲ್ವಾ?

ವರ್ಷವಿಡೀ ಬಾಯಿಬಿಡದೆ ಮಾರ್ಚಿನಲ್ಲಿ ಪೆನ್ನು ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಬರೆದದ್ದನ್ನು ನೌಕರರಿಗೆ ತಿಳಿಸಲೇಬೇಕು. 2008ರ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರತಿಕೂಲವಾದದ್ದು ಮಾತ್ರವಲ್ಲ, ಎಲ್ಲ ಷರಾಗಳನ್ನೂ ತಿಳಿಸಬೇಕು ಎಂದಿದೆ. ಮೊದಲೇ ಹೇಳಿದ, ಬರೆದ ಮಾತು ಮಾತ್ರ ವರದಿಯಲ್ಲಿ ಬರಲಿ.

ಅವರಿಗೆ ಮೇಲೆ ದೊಡ್ಡವರ ಪರಿಚಯ ಇದೆ. ಏನು ಮಾಡಿದರೂ ಫೋನ್ ಬರ್ತದೆ.

ಫೋನ್ ಬಂದರೆ ಗೌರವದಿಂದ ಕೇಳಿ. "ಸರ್, ಕಡತದಲ್ಲಿ ಇಷ್ಟಿದೆ, ತಾವು ಹೇಳಿದ್ದನ್ನು ಬರಹದಲ್ಲಿ ಕೊಟ್ಟರೆ ಹಾಗೆಯೇ ಮಾಡ್ತೇನೆ" ಅನ್ನಿ. ಬಹಳ ಸಲ ಬರಹ ಬರುವುದಿಲ್ಲ. ಎಲ್ಲರಿಗೂ ಒಂದೇ ಅಳತೆ ಇಟ್ಟುಕೊಂಡಿದ್ದರೆ ಮಾತ್ರ ಈ ಧೈರ್ಯ ಬರುತ್ತದೆ. ತಡವಾಗಿ ಬಂದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಮೆಮೋ ಕೊಟ್ಟಿದ್ದರೆ ಅವರ ಪರವಾಗಿ ಬಂದ ಫೋನಿಗೆ ಬಲ ಇರುತ್ತದೆ.

ಸುಮ್ನೆ ವರ್ಗ ಮಾಡಿಸಿಬಿಡುವುದು ಒಳ್ಳೆಯದಲ್ವಾ?

ನಿಮಗೆ ಒಳ್ಳೆಯದು. ಆ ಊರಿನ ಓದುಗರಿಗೆ? ಹೀಗೆ ಶಾಖೆಯಿಂದ ಶಾಖೆಗೆ ಕಳಿಸಿ, ಕೊನೆಗೆ ಯಾರೂ ಕೇಳದ ದೂರದ ಶಾಖೆಯೊಂದರಲ್ಲಿ ತಂದು ಕೂರಿಸುತ್ತಾರೆ. ಅಲ್ಲಿ ಒಬ್ಬರೇ ಸಿಬ್ಬಂದಿ. ಅವರು ಬಾಗಿಲು ತೆರೆಯದಿದ್ದರೆ ಆ ಊರಿಗೆ ಗ್ರಂಥಾಲಯವೇ ಇಲ್ಲ. ಇಬ್ಬರ ನಡುವಿನ ವೈರ ಕೈಮೀರಿದ್ದರೆ, ಪ್ರಯಾಣದ ಕಷ್ಟ ಇದ್ದರೆ ವರ್ಗ ಕೇಳಬಹುದು. ಕೆಲಸ ಮಾಡದಿರುವುದಕ್ಕೆ ವರ್ಗ ಮದ್ದಲ್ಲ.

ನಮ್ಮದು ಪಂಚಾಯತ್ ಗ್ರಂಥಾಲಯ. ಮೇಲ್ವಿಚಾರಕರು ಸರಿಯಾಗಿ ತೆರೆಯುವುದಿಲ್ಲ. ಯಾರಿಗೆ ಹೇಳುವುದು?

2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. ಹಾಗಾಗಿ ಮೊದಲು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಹತ್ತಿರ ಮಾತಾಡಿ. ಮೇಲ್ವಿಚಾರಕರು ವರ್ಷಗಟ್ಟಲೆ ಅಲ್ಪ ಗೌರವಧನದಲ್ಲಿ ಒಬ್ಬರೇ ದುಡಿದವರು. ಗುಡಿಸುವುದು, ಓದಿಸುವುದು, ಲೆಕ್ಕ, ಎಲ್ಲ ಅವರೇ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳ ಸದಸ್ಯತ್ವದ ಕೆಲಸವೂ ಸೇರಿತು. ತಿಂಗಳಿಗೊಮ್ಮೆ ಪಂಚಾಯತ್ ಸದಸ್ಯರೋ ಶಾಲೆಯ ಟೀಚರೋ ಹೋಗಿ ಒಂದು ಗಂಟೆ ಕೂತು ಬಂದರೆ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯುತ್ತದೆ. ಕೇಳುವವರು ಇದ್ದಾರೆ ಎಂಬುದು ಅವರಿಗೂ ಬೇಕಾಗಿರುತ್ತದೆ.

ಅಮಾನತು ಮುಗಿಸಿ ಅದೇ ಶಾಖೆಗೆ ವಾಪಸು ಬರ್ತಾ ಇದ್ದಾರೆ. ನಾಳೆ ಮುಖ ನೋಡುವುದು ಹೇಗೆ?

ಬಾಗಿಲಲ್ಲೇ ನಮಸ್ಕಾರ ಹೇಳಿ. ಅವರ ಕುರ್ಚಿ, ಡ್ರಾಯರಿನ ಕೀ ಮೊದಲೇ ಸಿದ್ಧವಿರಲಿ. ವಿಚಾರಣೆಯ ಮಾತು ಮುಗಿದಿದೆ, ಅದನ್ನು ನೀವೂ ಎತ್ತಬೇಡಿ, ಉಳಿದವರೂ ಎತ್ತದ ಹಾಗೆ ಹಿಂದಿನ ದಿನವೇ ಹೇಳಿಡಿ. ಹಣದ ತಪ್ಪಾಗಿದ್ದರೆ ನಗದಿನ ಕೆಲಸ ಬೇಡ, ಬೇರೆ ಪೂರ್ಣ ಕೆಲಸ ಕೊಡಿ. ಮೂಲೆಯಲ್ಲಿ ಸುಮ್ಮನೆ ಕೂರಿಸಬೇಡಿ. ಮೊದಲ ವಾರದ ಕೆಲಸವನ್ನು ಬರೆದು ಕೈಗೆ ಕೊಟ್ಟು, ಶನಿವಾರ ಸಂಜೆ ಹತ್ತು ನಿಮಿಷ ಕೂತು ಹೇಗೆ ಹೋಯಿತು ಎಂದು ಕೇಳಿ. ಹೊಸ ನೋಟ್‌ಪುಸ್ತಕ ಶುರುಮಾಡಿ, ಹಳೆಯದನ್ನು ಕಪಾಟಿಗೆ ಸೇರಿಸಿ.